ಬೇಸಿಗೆ ರಜೆಗೆ ಊರಿಗೆ ಬಂದ ಪ್ರಿಸ್ಕೂಲ್ ಟೀಚರ್ ಕೇಳುತ್ತಿದ್ದೇನೆ: ನಿಮ್ಮ ಮನೆಯಲ್ಲಿ ಪುಟ್ಟ ಮಕ್ಕಳಿಗೆ ಯಾವ ಕೆಲಸ ಕೊಡುತ್ತಿದ್ದರು?

ಜಗಲಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಪ್ರಿಸ್ಕೂಲ್ ಟೀಚರ್. ಮೂರರಿಂದ ಐದು ವರ್ಷದ ಮಕ್ಕಳ ಜೊತೆ ಕೆಲಸ. ಮಾರ್ಚ್ ಕೊನೆಗೆ ರಜೆ ಸಿಕ್ಕ ಕೂಡಲೇ ಊರಿಗೆ ಬಂದೆ. ನಮ್ಮೂರು ಶಿರಸಿಗೂ ಸಿದ್ದಾಪುರಕ್ಕೂ ನಡುವೆ. ಅಡಿಕೆ ತೋಟದ ಮನೆ. ಅಪ್ಪ, ಆಯಿ (ಅಮ್ಮ), ಅಣ್ಣ, ಅತ್ತಿಗೆ ಇಲ್ಲೇ ಇರುತ್ತಾರೆ. ಬೇಸಿಗೆಯಲ್ಲಿ ಅಕ್ಕನ ಮಕ್ಕಳು, ಚಿಕ್ಕಪ್ಪನ ಮೊಮ್ಮಕ್ಕಳು ಎಲ್ಲ ಸೇರಿ ಮನೆ ತುಂಬುತ್ತದೆ. ಹೆಚ್ಚಿನವರು ಏಳು ವರ್ಷದೊಳಗಿನವರು.

ನಾನು ಬಂದರೆ ಎಲ್ಲರದ್ದೂ ಒಂದೇ ಬೇಡಿಕೆ. "ಹೇಗೂ ಟೀಚರ್ ಇದ್ದಾಳೆ. ಬೆಳಿಗ್ಗೆ ಒಂದು ತಾಸು ಕೂರಿಸಿಕೊಂಡು ಅಕ್ಷರ ತಿದ್ದಿಸಲಿ." ಪಕ್ಕದ ಮನೆಯ ಮಕ್ಕಳೂ ಕಾಪಿ ಪುಸ್ತಕ ಹಿಡಿದು ಬರುತ್ತಾರೆ. ಪ್ರೀತಿಯಿಂದ ಕೇಳುತ್ತಾರೆ, ನನಗೆ ಬೇಜಾರಿಲ್ಲ. ಆದರೆ ಈ ಸಲ ಬರೆಸುವುದಿಲ್ಲ ಎಂದುಬಿಟ್ಟೆ. ಅದರ ಬದಲು ಮನೆಯಲ್ಲಿ ನಡೆಯುವ ಕೆಲಸದಲ್ಲಿ ಇವರಿಗೂ ಒಂದು ಪಾಲು ಕೊಡೋಣ ಎಂದೆ.

ಮಲೆನಾಡಿನ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳು ಎಂದರೆ ಪುರುಸೊತ್ತೇ ಇಲ್ಲ. ಮಳೆ ಹಿಡಿಯುವ ಮೊದಲು ಒಣಗಬೇಕಾದ್ದು ಒಣಗಬೇಕು, ಭರಣಿ ಸೇರಬೇಕಾದ್ದು ಸೇರಬೇಕು. ನಾನು ಬಂದ ವಾರವೇ ಹೊಳೆಯಂಚಿನ ಮರದ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ಬಂತು. ಮಿಡಿ ತೊಟ್ಟು ಸಮೇತ ಇರಬೇಕು. ತೊಟ್ಟು ಮುರಿದರೆ ಸೊನೆ ಸೋರಿ ಪರಿಮಳ ಹೋಗುತ್ತದೆ, ಉಪ್ಪಿನಕಾಯಿ ಬಾಳಿಕೆ ಬರುವುದಿಲ್ಲ. ಹಾಗಾಗಿ ಉಪ್ಪಿಗೆ ಹಾಕುವ ಮೊದಲು ಆರಿಸಬೇಕು. ತೊಟ್ಟಿರುವುದು ಒಂದು ಕಡೆ, ಇಲ್ಲದ್ದು ಒಂದು ಕಡೆ, ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. ಸೊನೆ ತಾಗಿದರೆ ಚರ್ಮ ಸುಡುತ್ತದೆ. ಅದಕ್ಕೇ ಆಯಿ ಮೊದಲು ಮಿಡಿ ತೊಳೆದು, ಒರೆಸಿ, ಬಟ್ಟೆಯ ಮೇಲೆ ಹರಡಿದಳು. ಆಮೇಲೆ ಮಕ್ಕಳನ್ನು ಕರೆದೆವು. ಅಕ್ಕನ ಮಗಳಿಗೆ ನಾಲ್ಕು ವರ್ಷ. "ಇದಕ್ಕೆ ಬಾಲ ಇಲ್ಲೆ" ಎಂದು ಒಂದೊಂದನ್ನೂ ಅಜ್ಜಿಗೆ ತೋರಿಸಿ ಮೂರು ರಾಶಿ ಮಾಡಿದಳು.

ನಮ್ಮ ತರಗತಿಯಲ್ಲೂ ವಿಂಗಡಿಸುವ ಚಟುವಟಿಕೆ ಇದೆ. ಬಣ್ಣದ ಬಿಲ್ಲೆ, ಪ್ಲಾಸ್ಟಿಕ್ ಹಣ್ಣು ಇಟ್ಟು ಮಾಡಿಸುತ್ತೇವೆ. ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಕಲೆಸಿ ಡಬ್ಬಿಗೆ ತುಂಬುತ್ತೇವೆ. ಮಕ್ಕಳು ಅದನ್ನು ನೋಡುತ್ತಲೇ ಇರುತ್ತಾರೆ. ತಾವು ಬೇರೆ ಮಾಡಿದ್ದು ಯಾರಿಗೂ ಬೇಕಾಗಿರಲಿಲ್ಲ ಎಂದು ಅವರಿಗೆ ತಿಳಿಯುತ್ತದೆ. ಇಲ್ಲಿ ತೊಟ್ಟಿದ್ದ ಮಿಡಿ ಉಪ್ಪಿನ ಜೊತೆ ಭರಣಿಗೆ ಹೋಯಿತು. ತೊಟ್ಟಿಲ್ಲದ್ದು ಅವತ್ತೇ ಅಪ್ಪೆಹುಳಿ ಆಯಿತು. ಅವಳು ಅಡ್ಡಾದಿಡ್ಡಿ ಹಾಕಿದ್ದರೆ ಆಯಿಯ ವರ್ಷದ ಉಪ್ಪಿನಕಾಯಿಗೇ ತೊಂದರೆ. ಆ ಭಾರ ಅವಳಿಗೆ ಗೊತ್ತಿತ್ತು. ಶಾಲೆಯಲ್ಲಿ ನಾನು ಎಷ್ಟು ಚಂದದ ಸಾಮಾನು ಇಟ್ಟರೂ ಅಷ್ಟು ಹೊತ್ತು ಒಂದೇ ಕಡೆ ಕೂತ ನಾಲ್ಕು ವರ್ಷದ ಮಗುವನ್ನು ನೋಡಿದ್ದು ಕಡಿಮೆ.

ಆಮೇಲೆ ಹಲಸಿನ ಹಪ್ಪಳ. ಬಲಿತ ಕಾಯಿಯ ತೊಳೆ ಬೇಯಿಸಿ, ಉಪ್ಪು, ಖಾರ, ಕೊತ್ತಂಬರಿ, ಜೀರಿಗೆ ಹಾಕಿ ಕುಟ್ಟಿ ಹಿಟ್ಟು ಮಾಡುವುದು. ಮಣೆಯಲ್ಲಿ ಒತ್ತುವುದು ದೊಡ್ಡವರು. ಉಂಡೆ ಕಟ್ಟುವುದು ಮಕ್ಕಳು. ಅವರ ಪಾಲಿನ ಹಿಟ್ಟಿಗೆ ಖಾರ ಹಾಕಲಿಲ್ಲ. ಕೈ ಉರಿದರೆ ಮತ್ತೆ ಹತ್ತಿರ ಬರುವುದಿಲ್ಲ. ಎಲ್ಲ ಉಂಡೆಯೂ ಒಂದೇ ಗಾತ್ರ ಇರಬೇಕು ಎಂದು ಅಜ್ಜಿಯ ಷರತ್ತು. ಅಳತೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನ್ನ ಬಳಿ ಇಲ್ಲ.

ಅಕ್ಷರ ಬೇಡ ಎಂದು ನಾನು ಹೇಳುತ್ತಿಲ್ಲ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಮೂರು, ನಾಲ್ಕು ವರ್ಷಕ್ಕೆ ಅವೆಲ್ಲ ಇನ್ನೂ ಗಟ್ಟಿಯಾಗಿರುವುದಿಲ್ಲ. ಆ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ತಿದ್ದಿಸಿದರೆ ಕೈ ನೋಯುತ್ತದೆ, ಬರೆಯುವುದೇ ಬೇಡ ಅನಿಸುತ್ತದೆ. ಹಿಟ್ಟು ನಾದಿ, ಉಂಡೆ ಕಟ್ಟಿ, ಕಾಳು ಆರಿಸಿದ ಬೆರಳು ಮುಂದೆ ಪೆನ್ಸಿಲ್ಲನ್ನೂ ಸಲೀಸಾಗಿ ಹಿಡಿಯುತ್ತದೆ.

ಅತ್ತಿಗೆಗೆ ಇನ್ನೂ ಸಮಾಧಾನ ಇಲ್ಲ. ಅವರ ಮಗ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೋಗುತ್ತಾನೆ. "ನೀನು ಹೇಳುವುದು ಚಂದ, ಆದರೆ ಅಲ್ಲಿ ಬೋರ್ಡಿನಲ್ಲಿದ್ದದ್ದನ್ನು ಇವನು ಬರೆದುಕೊಳ್ಳಬೇಕಲ್ಲ" ಎನ್ನುತ್ತಾರೆ. ಅವರ ಚಿಂತೆಯೂ ಸುಳ್ಳಲ್ಲ.

ನಿಮ್ಮೂರಿನ ಬೇಸಿಗೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಯಾವ ಕೆಲಸ ಕೊಡುತ್ತಿದ್ದರು? ಆಟಕ್ಕೆ ಕೊಟ್ಟದ್ದು ಬೇಡ. ಮನೆಗೆ ನಿಜವಾಗಿ ಬೇಕಿದ್ದ ಕೆಲಸ ಹೇಳಿ.

ಹುಣಸೆಮರದಡಿ

ತಿಪಟೂರು ಕಡೆಯವನು ನಾನು. ನಮ್ಮಲ್ಲಿ ಬೇಸಿಗೆ ಎಂದರೆ ಹುಣಸೆಹಣ್ಣು. ಮರ ಬಡಿದು, ಹಣ್ಣು ಒಣಗಿಸಿ, ಓಡು ಬಿಡಿಸಿ, ನಾರು ಎಳೆದು, ಕುಟ್ಟಿ ಬೀಜ ತೆಗೆದು, ಉಪ್ಪು ಹಾಕಿ ಮಡಕೆಗೆ ತುಂಬುವುದು. ಓಡು ಬಿಡಿಸುವುದು ಚಿಕ್ಕವರ ಪಾಲು. ಚೆನ್ನಾಗಿ ಒಣಗಿದ ಓಡು ಬೆರಳಲ್ಲಿ ಒತ್ತಿದರೆ ಪಟ್ ಎಂದು ಒಡೆಯುತ್ತದೆ. ಆ ಸದ್ದಿಗೇ ಮಕ್ಕಳು ಕೂರುತ್ತಿದ್ದೆವು.

ಬೀಜ ಪೂರ್ತಿ ನಮ್ಮದು. ಅಳಗುಳಿಮಣೆಗೆ ಅದೇ. ಎರಡು ಸಾಲು, ಸಾಲಿಗೆ ಏಳು ಗುಳಿ. ಕೈಯಲ್ಲಿದ್ದ ಬೀಜವನ್ನು ಗುಳಿಗೆ ಒಂದರಂತೆ ಬಿಡುತ್ತಾ ಹೋಗಬೇಕು. ಬಾಯಲ್ಲಿ ನೂರರವರೆಗೆ ಹೇಳುವ ಮಕ್ಕಳನ್ನು ಈಗ ನೋಡುತ್ತೇನೆ. ಐದು ಬಟಾಣಿ ಎತ್ತಿಕೊಡು ಎಂದರೆ ಕೈಗೆ ಬಂದಷ್ಟು ಕೊಡುತ್ತವೆ. ಅಳಗುಳಿಮಣೆ ಆಡಿದ ಮಗು ಹಾಗೆ ಕೊಡುವುದಿಲ್ಲ.

ಸೀಳಿದ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಬದಿ ಬಿಳಿ ಮಾಡಿದರೆ ಚೌಕಾಬಾರಕ್ಕೆ ದಾಳ. ಅದು ಸ್ವಲ್ಪ ದೊಡ್ಡವರಿಗೆ.

ಎರೆಹೊಲ

ಗದಗ ಜಿಲ್ಲೆ ನಮ್ಮದು. ಸೂಟಿ ಬಿಟ್ಟರೆ ಶ್ಯಾವಿಗೆ ಹೊಸೆಯುವ ಹೊತ್ತು. ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಇವತ್ತು ನಮ್ಮ ಮನೆ, ನಾಳೆ ಅವರ ಮನೆ. ಶ್ಯಾವಿಗೆ ಮಣೆ ಮೇಲೆ ಎಳೆ ತೆಗೆಯುವುದು ಕೈ ಪಳಗಿದವರ ಕೆಲಸ. ಕೋಲಿನ ಮೇಲೆ ಹರವಿ ಒಣಹಾಕಿದ ಎಳೆಗೆ ಸಣ್ಣವರು ಕೈ ಹಚ್ಚುವ ಹಾಗಿಲ್ಲ, ತುಂಡಾಗುತ್ತದೆ.

ನಮಗೆ ಕೊಡುತ್ತಿದ್ದದ್ದು ಗವಲಿ ಮತ್ತು ಪರಡಿ. ಕಣಕದ ಚಿಕ್ಕ ಚೂರನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದರೆ ಗವಲಿ. ಅಂಗೈ ತುಂಬ ಆದರೆ ಅಜ್ಜಿಯ ಪರಾತಕ್ಕೆ ಸುರಿದು ಬರುವುದು. ಹಬ್ಬದ ಪಾಯಸಕ್ಕೆ ಅದೇ ಗವಲಿ. ಅಜ್ಜಿ ಬಡಿಸುವಾಗ "ಈ ದಪ್ಪನ್ನವು ನಮ್ಮ ಸಣ್ಣವನವು" ಎಂದು ನನ್ನ ತಾಟಿಗೇ ಹಾಕುತ್ತಿದ್ದಳು. ನೀವು ಹೇಳಿದ ನಿಜವಾದ ಕೆಲಸ ಎಂದರೆ ಇದೇ ಅಲ್ವಾ ಟೀಚರ್?

ಜಗಲಿ ಟೀಚರ್

ಎರೆಹೊಲ ಅಣ್ಣ, ಖಂಡಿತ ಇದೇ. ಮಗು ಮಾಡಿದ್ದನ್ನು ಮನೆಯವರೆಲ್ಲ ಉಣ್ಣುತ್ತಾರೆ. ದಪ್ಪ ಆದದ್ದನ್ನೂ ಎಸೆಯಲಿಲ್ಲ, ಸರಿಮಾಡಲಿಲ್ಲ ಎನ್ನುವುದು ನನಗೆ ತುಂಬ ಮುಖ್ಯ ಅನಿಸಿತು. ಎರಡು ಬೆರಳಲ್ಲಿ ಹೊಸೆಯುವುದನ್ನು ನಾವು ತರಗತಿಯಲ್ಲಿ ಬಣ್ಣದ ಜೇಡಿಯಲ್ಲಿ ಮಾಡಿಸುತ್ತೇವೆ. ಪಾಯಸ ಆಗುವ ಹಿಟ್ಟಿನ ಮುಂದೆ ಅದು ಸಪ್ಪೆ.

ಹುಣಸೆಮರದಡಿ ಅವರಿಗೆ, ಅಳಗುಳಿಮಣೆ ನಮ್ಮ ಅಟ್ಟದಲ್ಲೂ ಇದೆ, ಇವತ್ತೇ ಇಳಿಸುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಕೆಲವರು ಅದಕ್ಕೆ ಗುಲಗಂಜಿ ಬಳಸುತ್ತಾರೆ. ನೋಡಲು ಚಂದ, ಆದರೆ ಅಗಿದು ನುಂಗಿದರೆ ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಲಗಂಜಿ ಬೇಡವೇ ಬೇಡ. ಮೂರು ವರ್ಷದೊಳಗಿನವರ ಕೈಗೆ ಹುಣಸೆ ಬೀಜವೂ ಬೇಡ. ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ.

ನಡುಮನೆ

ಎಲ್ಲರ ನೆನಪೂ ಸಿಹಿಯಾಗಿದೆ. ನನ್ನದು ಬೇರೆ, ಹೇಳಲೇಬೇಕು.

ನಮ್ಮ ಮನೆಯಲ್ಲಿ ಬೇಸಿಗೆ ಕೆಲಸ ಎಂದರೆ ಹೆಣ್ಣುಮಕ್ಕಳ ಕೆಲಸ. ಹಪ್ಪಳದ ಉಂಡೆ, ಸಂಡಿಗೆ ಕಾಯುವುದು, ಪಾತ್ರೆ ತೊಳೆಯುವುದು ನಾನು ಮತ್ತು ತಂಗಿ. ಅಣ್ಣಂದಿರು ಲಗೋರಿ, ಚಿನ್ನಿದಾಂಡು, ಕೆರೆಯ ಈಜು. ಐದು ವರ್ಷಕ್ಕೆ ಶುರುವಾದದ್ದು ಹತ್ತು ವರ್ಷಕ್ಕೆ ಬಾಧ್ಯತೆ ಆಯಿತು. ರಜೆ ಎಂದರೆ ಶಾಲೆಗಿಂತ ಜಾಸ್ತಿ ದುಡಿಮೆ. ಮಕ್ಕಳಿಗೆ ಕೆಲಸ ಕೊಡಿ ಎಂದು ಹೇಳುವಾಗ ಯಾವ ಮಕ್ಕಳಿಗೆ ಎಂದೂ ಹೇಳಿ. ನೀವು ಬರೆದದ್ದರಲ್ಲೂ ಮಿಡಿ ಆರಿಸಿದ್ದು ಹುಡುಗಿಯೇ.

ಜಗಲಿ ಟೀಚರ್

ಅಕ್ಕಾ, ನೀವು ಇದನ್ನು ಬರೆದದ್ದು ಒಳ್ಳೆಯದಾಯಿತು. ಮಿಡಿ ಆರಿಸಲು ಅಣ್ಣನ ಮಗನೂ ಕೂತಿದ್ದ. ಉಂಡೆ ಕಟ್ಟಲು ಹುಡುಗರೇ ಜಾಸ್ತಿ ಇದ್ದರು. ಆದರೆ ನೀವು ಹೇಳುವ ಗೆರೆ ನಮ್ಮ ಮನೆಯಲ್ಲೂ ಇದೆ. ನೆಂಟರೊಬ್ಬರು ಬಂದವರು "ಮಾಣಿ ಅಡುಗೆಮನೆಯಲ್ಲಿ ಏನು ಮಾಡುತ್ತಾನೆ" ಎಂದು ಕೇಳಿದರು. ಅಪ್ಪ ಅವರ ಮುಂದೆಯೇ ಬಂದು ಕೂತು ಉಂಡೆ ಕಟ್ಟಿದರು. ಆಮೇಲೆ ಆ ಮಾತು ಬರಲಿಲ್ಲ.

ಸಣ್ಣ ಮಕ್ಕಳಿಗೆ ನಾನು ಇಟ್ಟುಕೊಂಡಿರುವ ಕಟ್ಟು ಹೀಗಿದೆ. ಮಗು ಎದ್ದು ಹೋಗಬೇಕೆಂದಾಗ ಹೋಗಬಹುದು. ಗದರಬಾರದು, ಕರೆದು ಕೂರಿಸಬಾರದು. ಬೆಂಕಿ, ಕತ್ತಿ, ಭಾರ ಇಲ್ಲ. ಹುಡುಗ, ಹುಡುಗಿ ಇಬ್ಬರಿಗೂ ಎಲ್ಲ ಕೆಲಸ. ಮಗು ಇಲ್ಲದಿದ್ದರೂ ಆ ಕೆಲಸ ದೊಡ್ಡವರಿಂದ ನಡೆಯುವಂತಿರಬೇಕು. ಮಗುವಿನ ದುಡಿಮೆಯನ್ನೇ ನೆಚ್ಚಿಕೊಂಡ ಮನೆಯಲ್ಲಿ ಅದು ಕಲಿಕೆ ಆಗುವುದಿಲ್ಲ.

ನಡುಮನೆ

ಕೊನೆಯದು ಸರಿಯಾದ ಮಾತು. ನಿಮ್ಮ ಅಪ್ಪನಿಗೆ ನಮಸ್ಕಾರ ಹೇಳಿ.

ಯುಕೆಜಿ ಅಮ್ಮ

ನಾನು ನಿಮ್ಮ ಅತ್ತಿಗೆಯ ಪಕ್ಷ. ಮಗಳಿಗೆ ಐದು ವರ್ಷ. ಅವಳ ಶಾಲೆಯಲ್ಲಿ ರಜೆಗೆಂದೇ ಒಂದು ಪುಸ್ತಕ ಕೊಟ್ಟಿದ್ದಾರೆ. ಇಂಗ್ಲಿಷ್ ಕರ್ಸಿವ್ ಅಕ್ಷರ, ನೂರರವರೆಗೆ ಅಂಕಿ, ಕನ್ನಡ ಸ್ವರ, ವ್ಯಂಜನ. ಜೂನ್‌ನಲ್ಲಿ ತೋರಿಸಬೇಕು. ಬರೆಯದೆ ಹೋದರೆ ಬೈಸಿಕೊಳ್ಳುವುದು ಮಗು. ಅಜ್ಜಿ ಮನೆಯಲ್ಲಿ ಹಪ್ಪಳ ಮಾಡಿದಳು ಎಂದರೆ ಕೇಳುತ್ತಾರಾ?

ಜಗಲಿ ಟೀಚರ್

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆ ಪುಸ್ತಕ ಕೊಟ್ಟ ಶಾಲೆಯದ್ದೇ ತಪ್ಪು, ನಿಮ್ಮದಲ್ಲ, ಮಗುವಿನದ್ದಂತೂ ಅಲ್ಲವೇ ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಹಂತ ಎಂದು ಇಟ್ಟಿದೆ. ಆ ಹಂತಕ್ಕೆ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಆಟ, ಮಾತು, ಕತೆ, ಕೈಕೆಲಸದ ಮೂಲಕವೇ ಕಲಿಸಿ ಎನ್ನುತ್ತದೆ. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಬೇರೆ ಜಗಳಗಳಿವೆ, ಅದು ಇಲ್ಲಿ ಬೇಡ. ಪುಟ್ಟ ಮಕ್ಕಳಿಗೆ ಪುಟಗಟ್ಟಲೆ ಬರೆಸಬಾರದು ಎನ್ನುವುದರಲ್ಲಿ ಈ ಕ್ಷೇತ್ರದಲ್ಲಿ ಓದಿಕೊಂಡವರಿಗೆ ಹೆಚ್ಚು ಭಿನ್ನಾಭಿಪ್ರಾಯ ಇಲ್ಲ.

ಇನ್ನು ಪುಸ್ತಕದ ವಿಷಯ. ದಿನಕ್ಕೆ ಹತ್ತು ನಿಮಿಷ, ಬೆಳಿಗ್ಗೆ ತಿಂಡಿ ಆದ ಮೇಲೆ, ನೀವು ಪಕ್ಕದಲ್ಲಿ ಕೂತು. ಒಂದು ಸಾಲು ಚೆನ್ನಾಗಿ ಬಂದರೆ ಮುಚ್ಚಿಡಿ. ತುಂಬದ ಪುಟ ತುಂಬದೆ ಇರಲಿ. ಜೂನ್‌ನಲ್ಲಿ ಟೀಚರ್‌ಗೆ ನೀವೇ ಹೇಳಿ, ಮಗುವಿನ ಕೈಲಿ ಹೇಳಿಸಬೇಡಿ. ಎಷ್ಟೋ ಟೀಚರ್‌ಗಳಿಗೆ ಒಳಗೊಳಗೆ ಇದೇ ಅನಿಸುತ್ತಿರುತ್ತದೆ. ಪೋಷಕರು ಕೇಳಿದರೆ ಅವರಿಗೂ ಬಲ ಬರುತ್ತದೆ.

ಅಕ್ಷರದ ಆಸೆ ಮಗುವಿಗೇ ಬಂದರೆ ತಡೆಯಬೇಡಿ. ನಮ್ಮ ಕೂಸು ಭರಣಿಯ ಮೇಲೆ ತನ್ನ ಹೆಸರು ಬರೆಯಬೇಕು ಎಂದಳು. ಮರಳಿನಲ್ಲಿ ಬೆರಳಿಂದ ಬರೆದು ತೋರಿಸಿದೆ. ಆಮೇಲೆ ಅವಳೇ ಸೀಮೆಸುಣ್ಣದಲ್ಲಿ ಬರೆದಳು. ಒಂದಕ್ಷರ ಉಲ್ಟಾ ಇದೆ. ಹಾಗೇ ಬಿಟ್ಟಿದ್ದೇವೆ.

ಕಾಳು ಚಮಚ

ನಾನು ಮಾಂಟೆಸ್ಸರಿ ತರಬೇತಿ ಪಡೆದವಳು, ಈಗ ಮೈಸೂರಿನಲ್ಲಿ ಕಲಿಸುತ್ತೇನೆ. ಈ ಚರ್ಚೆ ಓದಿ ಖುಷಿಯಾಯಿತು. ಈ ಪದ್ಧತಿ ಹುಟ್ಟುಹಾಕಿದ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ ಮೊದಲ "ಮಕ್ಕಳ ಮನೆ" ತೆರೆದದ್ದು ಕೂಲಿ ಮಾಡುವವರ ಮಕ್ಕಳಿಗೆ. ಅಲ್ಲಿ ಮಕ್ಕಳು ಗುಡಿಸುತ್ತಿದ್ದರು, ಮೇಜು ಒರೆಸುತ್ತಿದ್ದರು, ಊಟ ಬಡಿಸುತ್ತಿದ್ದರು. 1939ರಲ್ಲಿ ಅವರು ಮದ್ರಾಸಿನ ಅಡ್ಯಾರ್‌ಗೆ ತರಬೇತಿ ಕೊಡಲು ಬಂದರು. ಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದರು, ಕೊಡೈಕನಾಲ್‌ನಲ್ಲಿಯೂ ಇದ್ದರು. ಗಾಜಿನ ಲೋಟ, ಪಿಂಗಾಣಿ ತಟ್ಟೆಯಂಥ ನಿಜವಾದ ಸಾಮಾನನ್ನೇ ಮಕ್ಕಳಿಗೆ ಕೊಡಿ, ಒಡೆದರೆ ಒಡೆಯುತ್ತದೆ ಎಂದು ತಿಳಿಯಲಿ ಎನ್ನುವುದು ಅವರ ಪಾಠದ ಜೀವ.

ಈಗ ಆ ಹೆಸರಿನಲ್ಲಿ ಏನು ನಡೆಯುತ್ತಿದೆ ನೋಡಿ. ಕಾಳು ಸುರಿಯುವ ತಟ್ಟೆ, ಚಮಚ, ಪುಟ್ಟ ಜಗ್ಗು ಎಲ್ಲವೂ ದುಬಾರಿ ಸೆಟ್ ಆಗಿ ಬರುತ್ತವೆ. ಪೋಷಕರು ಮನೆಗೂ ಒಂದು ಸೆಟ್ ತರಿಸಬೇಕಾ ಎಂದು ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ನಿಮ್ಮ ಮನೆಯ ತೊಗರಿಬೇಳೆ ಡಬ್ಬ ಇದೆಯಲ್ಲ, ಅಳೆದು ಕುಕ್ಕರ್‌ಗೆ ಹಾಕಲು ಮಗುವಿಗೆ ಕೊಡಿ ಎನ್ನುತ್ತೇನೆ.

ಟೀಚರ್, ನಿಮ್ಮ ಆಯಿ ಎಷ್ಟು ತಾಳ್ಮೆಯವರು! ಮಕ್ಕಳು ಸೇರಿದರೆ ಕೆಲಸ ಎರಡು ಪಟ್ಟು ನಿಧಾನ.

ಜಗಲಿ ಟೀಚರ್

ನಿಜ, ಅದನ್ನು ಮುಚ್ಚಿಡಬಾರದು. ಆಯಿಗೆ ಸುಸ್ತಾಗುತ್ತದೆ. ಅದಕ್ಕೇ ಮಕ್ಕಳ ಪಾಲು ಎಂದು ಬೆಳಗಿನ ಸ್ವಲ್ಪ ಹೊತ್ತು ಮಾತ್ರ. ಉಳಿದ ಹೊತ್ತು ಆಯಿ ತನ್ನ ಲಯದಲ್ಲಿ ಕೆಲಸ ಮಾಡುತ್ತಾಳೆ, ನಾನು ಮಕ್ಕಳನ್ನು ಆಚೆ ಕರೆದುಕೊಂಡು ಹೋಗುತ್ತೇನೆ. ಬೇಸಿಗೆಯಲ್ಲಿ ಮೊಮ್ಮಕ್ಕಳು ಬಂದರು ಎಂದರೆ ನಮ್ಮ ಊರಿನ ಅಜ್ಜಿಯರ ಬೆನ್ನು ಬೀಳುತ್ತದೆ. ಅಡುಗೆ, ತಿಂಡಿ, ಬಟ್ಟೆ ಎಲ್ಲ ಜಾಸ್ತಿ. ಅಜ್ಜಿ ಮನೆಯ ಬಗ್ಗೆ ಬರೆಯುವಾಗ ನಾವು ಇದನ್ನು ಬರೆಯುವುದು ಕಡಿಮೆ.

ಕಪಿಲೆ ದಂಡೆ

ನಾನು ಟಿ. ನರಸೀಪುರ ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಾಲ್ಲೂಕಿಗೆ. ಆ ಹೆಮ್ಮೆ ನಮಗಿದೆ.

ನನ್ನ ಕೇಂದ್ರದ ಮಕ್ಕಳಿಗೆ ರಜೆಯಲ್ಲಿ ಹೋಗಲು ಬೇರೆ ಅಜ್ಜಿ ಮನೆ ಇಲ್ಲ. ಅವರ ಅಜ್ಜಿಯೂ ಕೂಲಿಗೆ ಹೋಗುತ್ತಾರೆ. ಅಮ್ಮ ಬೆಳಿಗ್ಗೆ ಹೋದರೆ ಬಿಸಿಲು ಏರಿದ ಮೇಲೆ ಬರುತ್ತಾರೆ. ನಮಗೂ ಶಾಲೆಯವರಷ್ಟು ಉದ್ದದ ರಜೆ ಸಿಗುವುದಿಲ್ಲ. ಕೇಂದ್ರ ಮುಚ್ಚಿದರೆ ಎಷ್ಟೋ ಮಕ್ಕಳಿಗೆ ಆ ದಿನದ ಮೊಟ್ಟೆ, ಊಟ ಇಲ್ಲ. ಹಾಗಾಗಿ ರಜೆ ಬಂದರೂ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ.

ಆದರೆ ನೀವು ಹೇಳಿದ್ದು ನಮ್ಮಲ್ಲೂ ಆಗುತ್ತದೆ. ನಮಗೆ "ಚಿಲಿಪಿಲಿ" ಎಂಬ ಚಟುವಟಿಕೆ ಪುಸ್ತಕ ಕೊಟ್ಟಿದ್ದಾರೆ, ಚೆನ್ನಾಗಿದೆ. ಅದರ ಜೊತೆ ನಾನು ಸಾರಿನ ನುಗ್ಗೆಸೊಪ್ಪು ಬಿಡಿಸಲು ಮಕ್ಕಳನ್ನೇ ಕರೆಯುತ್ತೇನೆ. ಕಡ್ಡಿ ಬೇರೆ, ಎಲೆ ಬೇರೆ. ತಟ್ಟೆ ಹಂಚುವುದು ದಿನಕ್ಕೊಬ್ಬರ ಸರದಿ. ಇವತ್ತು ಎಷ್ಟು ಜನ ಬಂದಿದ್ದಾರೆ, ಎಷ್ಟು ತಟ್ಟೆ ಬೇಕು, ಯಾರು ಬಂದಿಲ್ಲ ಎಂದು ಆ ಮಗುವೇ ಹೇಳಬೇಕು. ತಟ್ಟೆ ಕಡಿಮೆ ಬಿದ್ದರೆ ಒಬ್ಬರಿಗೆ ಊಟ ಸಿಗುವುದಿಲ್ಲವಲ್ಲ, ಎಣಿಕೆ ತಪ್ಪುವುದೇ ಇಲ್ಲ.

ಜಗಲಿ ಟೀಚರ್

ಅಕ್ಕಾ, ತಟ್ಟೆಯ ಎಣಿಕೆಯನ್ನು ನಾನು ಜೂನ್‌ನಲ್ಲಿ ನಮ್ಮ ತರಗತಿಗೆ ಒಯ್ಯುತ್ತೇನೆ. ಅಜ್ಜಿ ಮನೆ ಎಲ್ಲರಿಗೂ ಇಲ್ಲ ಎನ್ನುವುದನ್ನು ನೀವು ಇಲ್ಲಿ ಹೇಳಿದ್ದು ಬಹಳ ಅಗತ್ಯವಿತ್ತು. ಹಲಸು, ಮಿಡಿ ಇಲ್ಲದಿದ್ದರೂ ನಡೆಯುತ್ತದೆ ಎಂದು ನಿಮ್ಮ ನುಗ್ಗೆಸೊಪ್ಪು ತೋರಿಸಿತು.

ಸ್ಲೇಟು ಬಳಪ

ಟೀಚರ್‌ಗಳ ರಜೆ ಬಗ್ಗೆಯೂ ಒಂದು ಮಾತು ಇರಲಿ. ನಾನು ಕೆಲಸ ಮಾಡುವ ಖಾಸಗಿ ಪ್ರಿಸ್ಕೂಲ್‌ನಲ್ಲಿ ಏಪ್ರಿಲ್, ಮೇ ಸಂಬಳ ಇಲ್ಲ. ಜೂನ್‌ನಲ್ಲಿ ಮತ್ತೆ ಕರೆದರೆ ಕೆಲಸ. ಊರಿಗೆ ಹೋದರೆ ಎಲ್ಲರೂ "ನಿಮಗೇನು, ಎರಡು ತಿಂಗಳು ರಜೆ" ಎನ್ನುತ್ತಾರೆ. ಆ ಎರಡು ತಿಂಗಳ ಬೆಂಗಳೂರಿನ ಮನೆ ಬಾಡಿಗೆ ನಿಲ್ಲುವುದಿಲ್ಲ. ಅನೇಕರು ಬೇಸಿಗೆ ಶಿಬಿರಗಳಲ್ಲಿ ದುಡಿಯುತ್ತಾರೆ. ಊರಿಗೆ ಬರಲು ಆಗುವುದೇ ಒಂದು ಭಾಗ್ಯ.

ಜಗಲಿ ಟೀಚರ್

ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನನಗೂ ಹೋದ ಕೆಲಸದಲ್ಲಿ ಹಾಗೇ ಇತ್ತು. ಊರಿನಲ್ಲಿ ಅಕ್ಕಿ, ತೆಂಗು, ತರಕಾರಿ ಮನೆಯದ್ದು ಇದ್ದದ್ದರಿಂದ ಕಳೆಯಿತು. ಮಕ್ಕಳ ಮೊದಲ ಐದಾರು ವರ್ಷ ಬಹಳ ಮುಖ್ಯ ಎಂದು ಎಲ್ಲರೂ ಹೇಳುತ್ತಾರೆ. ಆ ವರ್ಷಗಳಲ್ಲಿ ಮಕ್ಕಳ ಜೊತೆ ಇರುವವರಿಗೆ ಹನ್ನೆರಡು ತಿಂಗಳ ಸಂಬಳ ಕೊಡಬೇಕು. ಇದನ್ನು ಜೋರಾಗಿಯೇ ಕೇಳೋಣ.

ಕಾಡಂಚು

ಸಾಗರ ತಾಲ್ಲೂಕಿನವನು. ಕೆಲಸದ ಪಟ್ಟಿ ಚೆನ್ನಾಗಿದೆ. ಮಲೆನಾಡಿಗೆ ಬೇಸಿಗೆಯಲ್ಲಿ ಮಕ್ಕಳನ್ನು ಕರೆತರುವವರು ಎರಡು ವಿಷಯ ಗಮನದಲ್ಲಿಡಿ.

ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಇದರ ಕಾಟ. ಕಾಡಿನ ಉಣುಗು (ಉಣ್ಣೆ) ಕಚ್ಚುವುದರಿಂದ ಬರುತ್ತದೆ. ಬೆಟ್ಟಕ್ಕೆ ತರಗೆಲೆ ಗುಡಿಸಲು ಹೋಗುವವರ ಜೊತೆ ಮಕ್ಕಳೂ ಖುಷಿಯಿಂದ ಓಡುತ್ತವೆ. ಅದು ಈ ಕಾಲದಲ್ಲಿ ಬೇಡ. ಹೋಗಲೇಬೇಕಾದ ದೊಡ್ಡವರು ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಿ. ಕಾಡಿನಲ್ಲಿ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜೋರು ಜ್ವರ, ತಲೆನೋವು ಬಂದರೆ ಮನೆಮದ್ದು ಎಂದು ಕಾಯಬೇಡಿ.

ಎರಡನೆಯದು ಔಷಧಿ ಹೊಡೆಯುವ ದಿನಗಳು. ಮಳೆಗೆ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೈಲುತುತ್ತದ ನೀಲಿ ಹರಳು ಎಷ್ಟು ಚಂದ ಎಂದರೆ ಮಕ್ಕಳ ಕೈ ಹೋಗಿಯೇ ಹೋಗುತ್ತದೆ. ಕಲ್ಲುಸಕ್ಕರೆ ಎಂದು ಬಾಯಿಗೂ ಹಾಕಬಹುದು. ಚೀಲ ಬೀಗದೊಳಗೆ ಇರಲಿ. ಆ ದಿನ ಮಕ್ಕಳು ತೋಟಕ್ಕೆ ಇಳಿಯುವುದು ಬೇಡ.

ಬಾವಿಗೆ ಕಟ್ಟೆ, ಕೆರೆಗೆ ಬೇಲಿ ಇಲ್ಲದ ಮನೆಯಲ್ಲಿ ಒಬ್ಬ ದೊಡ್ಡವರ ಕಣ್ಣು ಸದಾ ಅಲ್ಲೇ ಇರಬೇಕು.

ಜಗಲಿ ಟೀಚರ್

ತುಂಬ ಧನ್ಯವಾದ. ನಾವೂ ಮಕ್ಕಳನ್ನು ಬೆಟ್ಟಕ್ಕೆ ಕಳಿಸುತ್ತಿಲ್ಲ. ಸಂಜೆ ಅಂಗಳದಲ್ಲಿ, ಗದ್ದೆ ಬಯಲಿನಲ್ಲಿ ಆಟ. ಮೈಲುತುತ್ತದ ವಿಷಯ ಪೇಟೆಯಿಂದ ಬಂದ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರುವುದಿಲ್ಲ. ಅಣ್ಣನಿಗೆ ಓದಿ ಹೇಳಿದೆ. ಚೀಲ ಅಟ್ಟ ಹತ್ತಿತು.

ದೂರದ ಮಳೆ

ಅಮೆರಿಕದ ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಶಾಲೆ ಜೂನ್ ನಡುವಿನವರೆಗೂ ಇರುತ್ತದೆ. ನಾವು ತೀರ್ಥಹಳ್ಳಿಗೆ ಬರುವಾಗ ಮಳೆ ಶುರುವಾಗಿರುತ್ತದೆ. ಹಪ್ಪಳ, ಸಂಡಿಗೆ ಏನೂ ಇರುವುದಿಲ್ಲ. ಮಗನಿಗೆ ನಾಲ್ಕೂವರೆ ವರ್ಷ. ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಡುವುದಿಲ್ಲ. ಹೋದ ಸಲ ಮನೆಗೆ ಬಂದವರೆಲ್ಲ "ಏನಾದ್ರೂ ಕನ್ನಡದಲ್ಲಿ ಹೇಳು ಪುಟ್ಟಾ" ಎಂದು ಕೇಳಿ ಕೇಳಿ ಅವನು ನನ್ನ ಹಿಂದೆ ಅಡಗುತ್ತಿದ್ದ. ಈ ಸಲ ಏನು ಮಾಡಲಿ?

ಜಗಲಿ ಟೀಚರ್

ಮೊದಲು ಮನೆಯವರಿಗೆಲ್ಲ ಫೋನ್ ಮಾಡಿ ಹೇಳಿಬಿಡಿ, ಯಾರೂ ಅವನನ್ನು ಹೇಳು ಹೇಳು ಎನ್ನಬಾರದು. ಹೊಸ ವಾತಾವರಣದಲ್ಲಿ ಮಕ್ಕಳು ಎಷ್ಟೋ ದಿನ ಬರೀ ಕೇಳುತ್ತಾರೆ. ಒಳಗೆ ಮಾತು ಕೂಡುತ್ತಿರುತ್ತದೆ. ನಮ್ಮ ತರಗತಿಗೆ ಹಿಂದಿ, ತೆಲುಗು ಮನೆಯ ಮಕ್ಕಳು ಬಂದಾಗಲೂ ಇದನ್ನು ನೋಡುತ್ತೇವೆ.

ಅವನಿಗೆ ಅಜ್ಜನ ಜೊತೆ ಒಂದು ಕೆಲಸ ಕೊಡಿ. ಮಳೆಗಾಲದಲ್ಲಿ ಕೆಲಸಕ್ಕೇನು ಬರ? ಪತ್ರೊಡೆಗೆ ಕೆಸುವಿನ ಎಲೆ ದೊಡ್ಡದು ಚಿಕ್ಕದು ಎಂದು ಜೋಡಿಸಿಕೊಡಬಹುದು. ಆದರೆ ಹಸಿ ಕೆಸು ಮೈ ತುರಿಸುತ್ತದೆ, ಎಲೆ ಒರೆಸುವುದು ದೊಡ್ಡವರೇ ಮಾಡಲಿ. ಹಸಿ ಎಲೆ ಅವನ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಕೈ ತುರಿಸಿದರೆ ಆ ಕೆಲಸವೇ ಬೇಡ. ಕೊಟ್ಟಿಗೆಯ ಕರುವಿಗೆ ಹುಲ್ಲು ಕೊಡಬಹುದು. ಜಗಲಿಯ ಕಂಬಳಿ, ಕೊಡೆ ಅವನ ಉಸ್ತುವಾರಿ ಎಂದು ಮಾಡಬಹುದು. ಅಜ್ಜ ಹೊರಡುವಾಗ "ನನ್ನ ಕೊಡೆ ಎಲ್ಲಿ?" ಎಂದು ಇವನನ್ನೇ ಕೇಳಬೇಕು. ಕೆಲಸಕ್ಕಾಗಿ ಕೇಳಿದ ಪ್ರಶ್ನೆಗೆ ಮಗು ಉತ್ತರ ಕೊಡುತ್ತದೆ. ಪರೀಕ್ಷೆಗೆ ಕೇಳಿದ ಪ್ರಶ್ನೆಗೆ ಬಾಯಿ ಮುಚ್ಚುತ್ತದೆ. ಬೆರಳು ತೋರಿಸಿದರೂ ಅದೂ ಉತ್ತರವೇ, ತೆಗೆದುಕೊಳ್ಳಿ.

ಅಂಗಳಕ್ಕೆ ಇಳಿಸುವಾಗ ಉಂಬಳದ (ಜಿಗಣೆಯ) ಬಗ್ಗೆ ಮೊದಲೇ ಹೇಳಿಡಿ. ನೋಡಿ ಹೆದರಿದರೆ ರಜೆ ಪೂರ್ತಿ ಒಳಗೇ ಕೂರುತ್ತಾನೆ.

ದೂರದ ಮಳೆ

ಕೊಡೆಯ ಉಸ್ತುವಾರಿ ನನ್ನ ಅಪ್ಪನಿಗೆ ಬಹಳ ಇಷ್ಟವಾಯಿತು. ಈಗಲೇ ಮೊಮ್ಮಗನಿಗೆಂದು ಗೋಡೆಗೆ ಕೆಳಗಡೆ ಮೊಳೆ ಹೊಡೆಸುತ್ತಾರಂತೆ.

ಯುಕೆಜಿ ಅಮ್ಮ

ಶಾಲೆಗೆ ಮಾತಾಡಿದೆ. ಪುಸ್ತಕ ಪೂರ್ತಿ ತುಂಬಲೇಬೇಕು ಅಂತೇನಿಲ್ಲ ಎಂದರು. ಇನ್ನೊಂದು ಪ್ರಶ್ನೆ. ನಮ್ಮದು ಎರಡನೇ ಮಹಡಿಯ ಮನೆ. ಈ ಸಲ ಊರಿಗೆ ಹೋಗಲು ರಜೆ ಸಿಗಲಿಲ್ಲ. ಸಂಡಿಗೆ ಮಾಡಲು ತಾರಸಿ ಇದೆ. ಚಿಕ್ಕವನಿಗೆ ಎರಡೂವರೆ ವರ್ಷ, ಅವನಿಗೇನು ಕೊಡಲಿ?

ಜಗಲಿ ಟೀಚರ್

ಅಕ್ಕಿ ಸಂಡಿಗೆ ಮಾಡಿ. ಹಿಟ್ಟು ಪೂರ್ತಿ ಆರಿದ ಮೇಲೆ ಅಕ್ಕ ಚಮಚದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಇಡಲಿ. ಬೆಳಿಗ್ಗೆ ಎಂಟು ಗಂಟೆಯೊಳಗೆ ಮುಗಿಸಿ, ಆಮೇಲೆ ತಾರಸಿ ಕಾಲು ಸುಡುತ್ತದೆ. ತಾರಸಿಯಲ್ಲಿ ಇಬ್ಬರ ಪಕ್ಕದಲ್ಲೂ ನೀವಿರಬೇಕು. ಎರಡೂವರೆ ವರ್ಷದವನಿಗೆ ಸಂಜೆ ಒಣಗಿದ ಸಂಡಿಗೆಯನ್ನು ಹಾಳೆಯಿಂದ ಬಿಡಿಸಿ ಬುಟ್ಟಿಗೆ ಹಾಕುವ ಕೆಲಸ ಕೊಡಿ. ಒಂದಷ್ಟು ಮುರಿಯುತ್ತಾನೆ, ಮುರಿದದ್ದನ್ನು ಮೊದಲು ಕರಿದುಬಿಡಿ. ಊಟಕ್ಕೆ ಬಡಿಸುವಾಗ ಇಬ್ಬರೂ ಮಾಡಿದ್ದು ಎಂದು ಅವರಪ್ಪನಿಗೆ ಹೇಳಿ.